ಮಾಂಗಾ ಬರೆಯಲು ಜಪಾನಿಗೇ ಹೋಗಬೇಕೆ?

ಸೋಲಾಪುರ: ದೊಡ್ಡ ಕಣ್ಣು, ಚೂಪು ಗದ್ದ, ಗಾಳಿಗೆ ಎದ್ದು ನಿಂತ ಕೂದಲು. ಗಡಿಭಾಗದ ಮನೆಗಳಲ್ಲೂ ಮಕ್ಕಳ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದರೆ ಇಂಥ ಮುಖಗಳು ಸಿಗುತ್ತವೆ. 2005ರ ಸುಮಾರಿಗೆ ಹಂಗಾಮಾ ಟಿವಿಯಲ್ಲಿ ಹಿಂದಿ ಮಾತಾಡುತ್ತ ಬಂದ ಡೋರೇಮಾನ್ ನೋಡಿ ಬೆಳೆದವರೇ ಎಷ್ಟೋ ಜನ ಈಗ ಅಪ್ಪ-ಅವ್ವ ಆಗಿದ್ದಾರೆ. ಆದರೂ ಮಗ ‘ನಾ ಮಾಂಗಾ ಆರ್ಟಿಸ್ಟ್ ಆಗ್ತೀನಿ’ ಅಂದರೆ ಮನೆಯಲ್ಲಿ ಬರುವ ಪ್ರಶ್ನೆ ಹಳೆಯದೇ: ‘ಇದರಾಗ ಹೊಟ್ಟಿ ತುಂಬ್ತದೇನೋ?’

ಮಾಂಗಾ ಎಂದರೆ ಜಪಾನಿನ ಚಿತ್ರಕಥೆ. ಬಲದಿಂದ ಎಡಕ್ಕೆ ಓದಬೇಕು. ಅದರಲ್ಲಿ ಹೊಟ್ಟೆ ತುಂಬಿಸಿಕೊಂಡ ಹೊರನಾಡಿನವರು ಇದ್ದಾರೆ. ದಕ್ಷಿಣ ಕೊರಿಯಾದ ಬೋಯಿಚಿ ಅವರಲ್ಲೊಬ್ಬರು. ವಿಜ್ಞಾನದ ಕಥೆ ಬರೆಯಬೇಕೆಂದು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ ಮನುಷ್ಯ! ಮೊದಲು ತಮ್ಮ ದೇಶದಲ್ಲೇ ಕೈ ಪಳಗಿಸಿಕೊಂಡು, ಆಮೇಲೆ ಜಪಾನಿಗೆ ಹೋದರು. 2006ರಿಂದ 10 ವರ್ಷ ‘ಸನ್-ಕೆನ್ ರಾಕ್’ ಬರೆದರು. 2017ರಲ್ಲಿ ‘ವೀಕ್ಲಿ ಶೋನೆನ್ ಜಂಪ್’ ಪತ್ರಿಕೆಯಲ್ಲಿ ‘ಡಾಕ್ಟರ್ ಸ್ಟೋನ್’ ಶುರುವಾಯಿತು. ಕಥೆ ರಿಯಿಚಿರೊ ಇನಾಗಾಕಿ ಅವರದು, ಚಿತ್ರ ಬೋಯಿಚಿ ಅವರದು. 2022ರವರೆಗೆ ನಡೆದ ಈ ಕಥೆಯಲ್ಲಿ ವಿಜ್ಞಾನವೇ ನಾಯಕ.

ಅಡ್ಡಿ ಎಲ್ಲಿ?

ಚಿತ್ರ ಚೆನ್ನಾಗಿ ಬರೆದರೆ ಸಾಕು ಎಂದುಕೊಂಡವರು ಎಡವುವುದು ಇಲ್ಲೇ. ವಾರಪತ್ರಿಕೆಗೆ ಒಂದು ಕಂತು ಎಂದರೆ ಸುಮಾರು 19 ಪುಟ. ಶಾಯಿ ಮುಟ್ಟುವ ಮೊದಲು ‘ನೇಮ್’ ಎಂಬ ಕಚ್ಚಾ ಪ್ರತಿ ಆಗಬೇಕು. ಯಾವ ಚೌಕ ದೊಡ್ಡದು, ಯಾರು ಏನು ಮಾತಾಡುತ್ತಾರೆ, ಪುಟ ತಿರುವಿದಾಗ ಓದುಗನಿಗೆ ಏನು ಕಾಣಬೇಕು, ಎಲ್ಲ ಅದರಲ್ಲೇ ತೀರ್ಮಾನ. ಸಂಪಾದಕರು ಅದನ್ನು ಹಿಡಿದು ಕೂತು ಪ್ರಶ್ನೆ ಹಾಕುತ್ತಾರೆ, ತಿದ್ದಿ ತಾ ಅನ್ನುತ್ತಾರೆ, ಮತ್ತೆ ತಿದ್ದಿ ತಾ ಅನ್ನುತ್ತಾರೆ. ಈ ಚರ್ಚೆ ಪೂರಾ ಜಪಾನಿ ಭಾಷೆಯಲ್ಲಿ. ಕೈ ಎಷ್ಟೇ ಚುರುಕಾಗಿರಲಿ, ಅಲ್ಲಿ ಬಾಯಿ ಬರದವನು ಹಿಂದೆ ಬೀಳುತ್ತಾನೆ.

ದುಡ್ಡಿನ ಲೆಕ್ಕವೂ ಸೋಜಿಗದ್ದು. ಪುಟಕ್ಕಿಷ್ಟು ಎಂದು ಪತ್ರಿಕೆ ಹಣ ಕೊಡುತ್ತದೆ, ಆದರೆ ಸಹಾಯಕರ ಪಗಾರ ಸಾಮಾನ್ಯವಾಗಿ ಕಲಾವಿದನ ಕಿಸೆಯಿಂದಲೇ ಹೋಗುತ್ತದೆ. ಎಷ್ಟೋ ಜನಕ್ಕೆ ಕೈಯಲ್ಲಿ ನಾಲ್ಕು ಕಾಸು ಉಳಿಯುವುದು ಕಂತುಗಳು ಪುಸ್ತಕವಾಗಿ ಮಾರಾಟವಾದ ಮೇಲೆ. ಓದುಗರಿಗೆ ಹಿಡಿಸಲಿಲ್ಲವೋ, ಪುಸ್ತಕ ಬೆಳೆಯುವ ಮೊದಲೇ ಕಥೆ ನಿಲ್ಲುತ್ತದೆ. ಅಪ್ಪ-ಅವ್ವನ ಪ್ರಶ್ನೆ ತಪ್ಪಲ್ಲ ಬಿಡಿ.

ಮನೆಯಲ್ಲೇ ಕೂತು

ಫ್ರಾನ್ಸಿನ ತೋನಿ ವಾಲೆಂತ್ ಹಿಡಿದ ದಾರಿ ಬೇರೆ. 2013ರಲ್ಲಿ ‘ರೇಡಿಯಂಟ್’ ಅನ್ನು ಫ್ರೆಂಚ್ ಭಾಷೆಯಲ್ಲೇ, ಅಲ್ಲಿನ ಓದುಗರಿಗಾಗಿಯೇ ಶುರು ಮಾಡಿದರು. 2015ರಲ್ಲಿ ಅದು ಜಪಾನಿಗೆ ಅನುವಾದವಾಯಿತು. 2018ರಲ್ಲಿ ಅಲ್ಲಿನ ಎನ್‌ಎಚ್‌ಕೆ ವಾಹಿನಿಯಲ್ಲಿ ಅನಿಮೇಷನ್ ಆಗಿಯೂ ಬಂತು. ನಮ್ಮ ಕಡೆಯವರಿಗೆ ಬೋಯಿಚಿಗಿಂತ ಈ ದಾರಿಯೇ ಹೆಚ್ಚು ಹೊಂದುತ್ತದೆ. ಊರು ಬಿಡಬೇಕಿಲ್ಲ, ಸಾಲ ಮಾಡಬೇಕಿಲ್ಲ. ಆದರೆ ಫ್ರಾನ್ಸಿನಲ್ಲಿ ಮಾಂಗಾ ಕೊಂಡು ಓದುವ ದೊಡ್ಡ ಮಾರುಕಟ್ಟೆ ಇದೆ. ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಅಂಥದ್ದಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಮಾತಿನ ಗೋಜಲೇ ಬೇಡ ಎಂದು ಜಪಾನಿನ ಕೋಮಿಕ್ಸ್ ಸಂಸ್ಥೆ 2012ರಲ್ಲಿ ಮಾತಿಲ್ಲದ ಮಾಂಗಾ ಸ್ಪರ್ಧೆ ಶುರು ಮಾಡಿತು. ಕಥೆಯಲ್ಲಿ ಒಂದು ಸಂಭಾಷಣೆಯೂ ಇರಕೂಡದು, ಹೀಗಾಗಿ ಯಾವ ದೇಶದವರೂ ಕಳಿಸಬಹುದು. ಶೂಯೆಶಾ ಪ್ರಕಾಶನ 2022ರಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಕೃತಿಗಳಿಗೆ ಬಾಗಿಲು ತೆರೆಯಿತು. ಜಪಾನಿನ ವಿದೇಶಾಂಗ ಇಲಾಖೆಯ ಅಂತರರಾಷ್ಟ್ರೀಯ ಮಾಂಗಾ ಪ್ರಶಸ್ತಿ 2007ರದು.

ಓದಲೇಬೇಕೆಂದರೆ ಕ್ಯೋಟೊ ಸೇಕಾ ವಿಶ್ವವಿದ್ಯಾಲಯ 2006ರಲ್ಲೇ ಮಾಂಗಾಕ್ಕೆಂದು ಪ್ರತ್ಯೇಕ ವಿಭಾಗ ತೆರೆದಿದೆ. ವಿದ್ಯಾರ್ಥಿ ವೀಸಾದ ಮೇಲೆ ಹೋದವರು ಅನುಮತಿ ಪಡೆದು ವಾರಕ್ಕೆ 28 ತಾಸು ಮಾತ್ರ ದುಡಿಯಬಹುದು. ಅದರಲ್ಲೇ ಫೀಸೂ ಊಟವೂ ನಡೆದೀತು ಎಂದು ನಂಬಿ ವಿಮಾನ ಹತ್ತಬಾರದು.

ಭಾಷೆಯ ವಿಷಯದಲ್ಲಿ ಗಡಿಯ ಹುಡುಗರಿಗೆ ಒಂದು ಅನುಕೂಲ ಉಂಟು. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ. ಇನ್ನೊಂದು ಭಾಷೆ ಬಂದರೆ ಹೆದರುವವರಲ್ಲ. ಜಪಾನಿಯಲ್ಲೂ ಕ್ರಿಯಾಪದ ಕನ್ನಡ-ಮರಾಠಿಯಂತೆ ವಾಕ್ಯದ ಕೊನೆಗೇ ಬರುತ್ತದೆ. ಹೆಸರಿನ ಹಿಂದೆ ಪ್ರತ್ಯಯದಂಥದ್ದು ಅಂಟಿಕೊಳ್ಳುತ್ತದೆ. ಕಷ್ಟವೆಲ್ಲ ಲಿಪಿಯದು. ಜಪಾನಿ ಭಾಷಾ ಸಾಮರ್ಥ್ಯದ ಜೆಎಲ್‌ಪಿಟಿ ಪರೀಕ್ಷೆ ಎನ್5ರಿಂದ ಎನ್1ರವರೆಗೆ ಐದು ಹಂತದ್ದು, ಎನ್5 ಎಲ್ಲಕ್ಕಿಂತ ಸುಲಭ. ಪುಣೆ ಮತ್ತು ಬೆಂಗಳೂರಿನಲ್ಲಿ ಕೇಂದ್ರಗಳಿವೆ. ಸೋಲಾಪುರದಿಂದ ಬೆಳಗಿನ ಗಾಡಿ ಹಿಡಿದರೆ ಮಧ್ಯಾಹ್ನದೊಳಗೆ ಪುಣೆ.