ಭತ್ತದ ಬೇರೂ ಮಣ್ಣಿನ ಜೀವಾಣುಗಳೂ
ಈಚಿನ ಕನ್ನಡದಲ್ಲಿ ರೂಢಿಗೆ ಬಂದಿರುವ ‘ಜೀವಾಣುಗೊಬ್ಬರ’ವೆಂಬ ಸಮಾಸವು ಅರ್ಥವಿಚಾರಕ್ಕೆ ಯೋಗ್ಯವಾದುದು. ‘ಜೀವಾಣುಗಳೇ ಗೊಬ್ಬರ’ವೆಂದು ಕರ್ಮಧಾರಯವಾಗಿ ವಿಗ್ರಹಿಸಿದರೆ, ಸಗಣಿ ಸೊಪ್ಪುಗಳಂತೆ ಅವೂ ಸಸ್ಯಕ್ಕೆ ಆಹಾರವೆಂಬ ಭ್ರಾಂತಿಯುಂಟಾಗುವುದು. ‘ಜೀವಾಣುಗಳಿಂದ ಒದಗುವ ಗೊಬ್ಬರ’ವೆಂದು ತತ್ಪುರುಷವಾಗಿ ವಿಗ್ರಹಿಸುವುದೇ ವಸ್ತುಸ್ಥಿತಿಗೆ ಒಪ್ಪುವುದು; ಏಕೆಂದರೆ ಅವು ಉಣಿಸಲ್ಲ, ಉಣಿಸನ್ನು ಅಣಿಮಾಡುವ ಪಾಚಕರು. ಈ ಭೇದವು ವ್ಯಾಕರಣಮಾತ್ರದ್ದಲ್ಲ. ರೈತನ ಬೆಳೆಯೂ ಇದನ್ನೇ ಅವಲಂಬಿಸಿದೆ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಮುಂಡಗೋಡ ಸೀಮೆಗಳು ಮಲೆನಾಡಿನ ಅಂಚಿನಲ್ಲಿವೆ. ಇಲ್ಲಿ ಭತ್ತವನ್ನು ಮುಂಗಾರಿಗೆ ಮುನ್ನವೇ ಕೂರಿಗೆಯಿಂದ ಬಿತ್ತುವ ಪದ್ಧತಿಯುಂಟು. ಗೋವಿನ ಜೋಳವನ್ನೂ ಬೆಳೆಯುವರು. ಹಿಂದೆ ಹಳಿಯಾಳ ತಾಲೂಕಿಗೇ ಸೇರಿದ್ದ ದಾಂಡೇಲಿಯೂ, ಹಿಂದೆ ಸೂಪಾ ಎನಿಸಿದ್ದ ಜೋಯಿಡಾ ತಾಲೂಕೂ ದಟ್ಟವಾದ ಅರಣ್ಯಪ್ರದೇಶಗಳು. ಅಲ್ಲಿ ಕಣಿವೆಗಳ ಗದ್ದೆಗಳಲ್ಲಿ ಸಸಿ ನೆಡುವುದುಂಟು. ಅತಿವೃಷ್ಟಿಯಿಂದ ಸುಣ್ಣಾಂಶವು ತೊಳೆದುಹೋಗಿ, ಇಂತಹ ಸೀಮೆಯ ಕೆಂಪು ಜಂಬಿಟ್ಟಿಗೆ ಮಣ್ಣು ಆಮ್ಲವಾಗುತ್ತದೆ. ಅದರಲ್ಲಿರುವ ರಂಜಕವು ಕಬ್ಬಿಣ, ಅಲ್ಯೂಮಿನಿಯಂಗಳೊಡನೆ ಬೆಸೆದು, ಬೀಗ ಹಾಕಿದ ಪೆಟ್ಟಿಗೆಯ ಧನದಂತೆ ಇದ್ದೂ ಇಲ್ಲದಂತಾಗುತ್ತದೆ.

ಸಾರಜನಕದ ಗತಿಯೂ ಇದೇ. ವಾಯುವಿನಲ್ಲಿ ಅದು ನೂರಕ್ಕೆ 78 ಪಾಲಿದ್ದರೂ ಸಸ್ಯವು ಅದನ್ನು ನೇರವಾಗಿ ಗ್ರಹಿಸಲಾರದು. ದ್ವಿದಳ ಸಸ್ಯಗಳ ಬೇರುಗಂಟಿನ ಜೀವಾಣುಗಳು ಈ ಕಾರ್ಯವನ್ನು ನಡೆಸುವುವೆಂಬುದನ್ನು ಜರ್ಮನಿಯ ಹೆಲ್‌ರೀಗೆಲ್, ವಿಲ್‌ಫಾರ್ತ್ ಎಂಬವರು 1888ರ ವೇಳೆಗೆ ಸ್ಥಾಪಿಸಿದರು. ಧಾನ್ಯಸಸ್ಯಗಳಿಗಾದರೋ ಅಂತಹ ಗಂಟುಗಳಿಲ್ಲ. ಆದರೆ ನೀರು ನಿಂತ ಗದ್ದೆಯಲ್ಲಿ ನೀಲಹರಿತ ಪಾಚಿಯು ಸಾರಜನಕವನ್ನು ಸೇರಿಸುವುದೆಂದು ಭಾರತೀಯನಾದ ಪಿ. ಕೆ. ಡೇ 1939ರಲ್ಲಿ ಪ್ರಕಟಿಸಿದನು. ಹುಲ್ಲು, ಧಾನ್ಯಗಳ ಬೇರನ್ನು ಆಶ್ರಯಿಸುವ ಬೇರೊಂದು ಜೀವಾಣುವನ್ನು ಬ್ರೆಜಿಲಿನ ಯೊಹಾನಾ ಡೋಬರೈನರಳು 1970ರ ದಶಕದಲ್ಲಿ ವಿಶೇಷವಾಗಿ ಶೋಧಿಸಿದಳು. ಅದಕ್ಕೆ 1978ರಲ್ಲಿ ‘ಅಜೋಸ್ಪಿರಿಲಮ್’ ಎಂಬ ಹೆಸರಾಯಿತು.

ಬೇರು ಸ್ರವಿಸುವ ಶರ್ಕರಾದಿಗಳನ್ನುಂಡು ಬದುಕುವ ಈ ಜೀವಾಣುವು ಸ್ವಲ್ಪ ಸಾರಜನಕವನ್ನು ಒದಗಿಸುವುದಲ್ಲದೆ, ಬೆಳವಣಿಗೆಯ ರಸವನ್ನು ಹೊರಸೂಸಿ ಕವಲುಬೇರುಗಳನ್ನು ಹೆಚ್ಚಿಸುತ್ತದೆ. ಇದರಿಂದ ದೊರೆಯುವ ಫಲದಲ್ಲಿ ಬಹುಭಾಗವು ಎರಡನೆಯ ಗುಣದಿಂದಲೇ ಎಂದು ಅನೇಕ ವಿಜ್ಞಾನಿಗಳು ಎಣಿಸುವರು. ಬೇರೆ ಕೆಲವು ಜೀವಾಣುಗಳು ಸಾವಯವಾಮ್ಲಗಳನ್ನು ಬಿಟ್ಟು ಬಂಧಿತವಾದ ರಂಜಕವನ್ನು ಕರಗಿಸುವುವು. ಬೇರುಶಿಲೀಂಧ್ರವು ತನ್ನ ತಂತುಗಳನ್ನು ದೂರಕ್ಕೆ ಚಾಚಿ ರಂಜಕವನ್ನು ತರುವುದು. ಆದರೆ ಅದಕ್ಕೆ ಗಾಳಿ ಬೇಕಾದುದರಿಂದ, ನೀರು ನಿಂತ ಗದ್ದೆಗಿಂತ ಕೂರಿಗೆಯ ಹೊಲವೇ ಅದಕ್ಕೆ ಅನುಕೂಲ.

ಪ್ರಯೋಗಕ್ರಮವು ಸರಳ. ಕೂರಿಗೆಯ ಬಿತ್ತನೆಗೆ ಬೀಜವನ್ನು ಆರಿದ ಬೆಲ್ಲದ ನೀರಿನಲ್ಲಿ ಕಲಸಿದ ಜೀವಾಣುಪುಡಿಯಿಂದ ಲೇಪಿಸಿ ನೆರಳಿನಲ್ಲಿ ಒಣಗಿಸುವರು. ನಾಟಿಗಾದರೆ ಸಸಿಯ ಬೇರನ್ನು ಅಂತಹ ದ್ರಾವಣದಲ್ಲಿ ಅರ್ಧ ಗಂಟೆ ಅದ್ದುವರು. ಶಿಲೀಂಧ್ರನಾಶಕ ವಿಷವನ್ನು ಅದರೊಡನೆ ಬೆರೆಸಲಾಗದು. ಬಿತ್ತಿದ ಮೇಲೆ ಮಳೆ ತಡವಾದರೆ ಒಣಮಣ್ಣಿನ ಕಾವಿಗೆ ಹಲವು ಜೀವಾಣುಗಳು ಸಾಯುವುವು. ಅತ್ಯಾಮ್ಲವಾದ ಮಣ್ಣಿನಲ್ಲಿ ಸುಣ್ಣವಿಲ್ಲದೆ ಅವು ನೆಲೆಗೊಳ್ಳವು. ಹಳೆಯ ಪೊಟ್ಟಣವು ಬರಿಯ ಪುಡಿಯೇ ಆದೀತು. ಆದುದರಿಂದಲೇ 2006ರಲ್ಲಿ ಇವನ್ನು ರಸಗೊಬ್ಬರ ನಿಯಂತ್ರಣದ ಆಜ್ಞೆಗೆ ಒಳಪಡಿಸಿ, ಪುಡಿಯ ಒಂದು ಗ್ರಾಮಿಗೆ ಕನಿಷ್ಠ 5 ಕೋಟಿ ಸಜೀವಾಣುಗಳಿರಬೇಕೆಂದು ವಿಧಿಸಲಾಯಿತು.

ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದವಿರುವುದರಿಂದ, ಪ್ರಾಚೀನರು ಜೀವಾಣುಗಳನ್ನು ಕಂಡಿದ್ದರೆಂದು ಸಾಧಿಸಹೊರಡುವುದು ಯುಕ್ತವಲ್ಲ, ಸೂಕ್ಷ್ಮದರ್ಶಕವಿಲ್ಲದೆ ಆ ದರ್ಶನವಿಲ್ಲ. ಕೊಳೆತ ವಸ್ತುವಿನಿಂದ ಗಿಡ ಕೊಬ್ಬುವುದೆಂಬ ಅನುಭವವು ಅವರದು. ಅದರ ಕಾರಣವನ್ನು ತಿಳಿಸಿದುದು ಈಚಿನ ಶಾಸ್ತ್ರ. ಅನುಭವವನ್ನು ಶಾಸ್ತ್ರವು ರದ್ದುಮಾಡಿಲ್ಲ: ಕೊಟ್ಟಿಗೆಯ ಗೊಬ್ಬರವೂ ಸೊಪ್ಪೂ ಇಲ್ಲದ ನೆಲದಲ್ಲಿ ಜೀವಾಣುಗಳು ಹಸಿದು ನಶಿಸುವುವು. ಪೊಟ್ಟಣವನ್ನು ಕೊಂಡು ತಿಪ್ಪೆಯನ್ನು ಮರೆತವನು ಸಮಾಸವನ್ನು ಕರ್ಮಧಾರಯವಾಗಿ ಓದಿದವನು. ಅಡಿಗೆಯವನನ್ನು ಕರೆತಂದು ಅಕ್ಕಿಯನ್ನು ಕೊಡದವನ ಮನೆಯಲ್ಲಿ ಊಟವಾಗದು.