ಉತ್ತರವಿದೆ ಎಂಬ ಭರವಸೆ: ಮನುಷ್ಯನಿಗೆ ಒಗಟು ಏಕೆ ಬೇಕು?

'ಬಿಳಿ ಸೀರೆಯಲ್ಲಿ ಮದುವೆ, ಹಸಿರು ಸೀರೆಯಲ್ಲಿ ಬಸಿರು, ಕೆಂಪು ಸೀರೆಯಲ್ಲಿ ಹೆರಿಗೆ. ಹುಟ್ಟಿದ್ದು ಮುಖಕ್ಕೆ ಮುಖ ಕೊಟ್ಟು ಮಲಗಿದ ಅವಳಿ. ಏನದು?'

ಈ ಲೇಖನಕ್ಕೆಂದೇ ನಾನು ಕಟ್ಟಿದ ಒಗಟು ಇದು. ಮೂಡಿಗೆರೆ ಅಥವಾ ಕಳಸದ ಕಡೆಯ ಮಕ್ಕಳಿಗೆ ಇದನ್ನು ಬಿಡಿಸಲು ಹೆಚ್ಚು ಹೊತ್ತು ಬೇಡ. ಹೂಮಳೆ ಬಿದ್ದ ಎಂಟು-ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಆಮೇಲೆ ಹಸಿರು ಕಾಯಿ, ಕೆಂಪು ಹಣ್ಣು. ಹಣ್ಣನ್ನು ಹಿಚುಕಿದರೆ ಚಪ್ಪಟೆ ಮುಖಗಳನ್ನು ಒಂದಕ್ಕೊಂದು ತಾಗಿಸಿಕೊಂಡ ಎರಡು ಬೀಜಗಳು. ಕಾಫಿ!

ಈಗ ಒಂದು ಕ್ಷಣ ಯೋಚಿಸಿ. ಒಗಟು ಹೇಳುವವನಿಗೆ ಉತ್ತರ ಮೊದಲೇ ಗೊತ್ತು. ಬಿಡಿಸುವವನಿಗೆ ಆ ಉತ್ತರದಿಂದ ಹೊಟ್ಟೆ ತುಂಬುವುದಿಲ್ಲ. ಕಾಫಿ ಹಣ್ಣಿನಲ್ಲಿ ಎರಡು ಬೀಜಗಳಿರುವುದು ಇಬ್ಬರಿಗೂ ತಿಳಿದದ್ದೇ. ಆದರೂ ಕೇಳಿದೊಡನೆ ಮನಸ್ಸು ಅದರ ಹಿಂದೆ ಓಡುತ್ತದೆ, ಉತ್ತರ ಸಿಗುವವರೆಗೆ ಚಡಪಡಿಸುತ್ತದೆ, ಸಿಕ್ಕಾಗ ಹಿಗ್ಗುತ್ತದೆ. ಹೀಗೇಕೆ?

ಒಗಟಿಲ್ಲದ ಊರಿಲ್ಲ

ಮಲೆನಾಡಿನ ಮಳೆಗಾಲದಲ್ಲಿ, ಹೊರಗೆ ಹೋಗಲಾಗದ ಸಂಜೆಗಳಲ್ಲಿ, ಚನ್ನೆಮಣೆಯೂ ಒಗಟುಗಳೂ ಮನೆಯ ಒಳಗಿನ ಕಾಲಕ್ಷೇಪಗಳಾಗಿದ್ದವು. ಇದೇ ಬೆಟ್ಟಗಳಲ್ಲಿ ನೆಲೆಸಿರುವ ತುಳು ಮಾತಿನವರು ಒಗಟನ್ನು 'ಎದುರುಕತೆ' ಎನ್ನುತ್ತಾರೆ. ಮಹಾಭಾರತದಲ್ಲಿ ಯಕ್ಷನು ಧರ್ಮರಾಯನಿಗೆ ಪ್ರಶ್ನೆಗಳನ್ನು ಒಡ್ಡುತ್ತಾನೆ. ಗ್ರೀಕರ ಕಥೆಯಲ್ಲಿ ಆ ಕೆಲಸ ಸ್ಫಿಂಕ್ಸ್ ಎಂಬ ವಿಚಿತ್ರ ಪ್ರಾಣಿಯದು. ಕ್ರಿ.ಪೂ. ಸುಮಾರು 1550ರಲ್ಲಿ ಈಜಿಪ್ಟಿನ ಅಹ್ಮೋಸ್ ಎಂಬ ಲಿಪಿಕಾರ ನಕಲು ಮಾಡಿದ ಗಣಿತದ ಸುರುಳಿಯಲ್ಲಿ ಏಳು ಮನೆ, ಮನೆಗೆ ಏಳು ಬೆಕ್ಕು, ಬೆಕ್ಕಿಗೆ ಏಳು ಇಲಿ ಎಂದು ಏರುತ್ತ ಹೋಗುವ ಲೆಕ್ಕವೊಂದಿದೆ. ಅದನ್ನು ಯಾವ ಉಗ್ರಾಣದಲ್ಲೂ ಯಾರೂ ಎಣಿಸಿರಲಾರರು. ಅದು ಬರೀ ಕುತೂಹಲದ ಲೆಕ್ಕ.

ನಮ್ಮ ನಾಡಿನ ಉದಾಹರಣೆ ಇನ್ನೂ ಸೊಗಸಾಗಿದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. ಸುಮಾರು 850ರಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದ. ಅದರ ಒಂದು ಸಮಸ್ಯೆಯ ಸಾರಾಂಶ ಇದು: ಮೂವರು ವರ್ತಕರಿಗೆ ದಾರಿಯಲ್ಲಿ ಹಣದ ಚೀಲವೊಂದು ಕಾಣುತ್ತದೆ. 'ಇದು ನನಗೆ ಸಿಕ್ಕರೆ ನಿಮ್ಮಿಬ್ಬರ ಹಣದ ಎರಡರಷ್ಟು ನನ್ನದಾಗುತ್ತದೆ' ಎನ್ನುತ್ತಾನೆ ಮೊದಲನೆಯವನು. ಚೀಲ ತನಗೆ ಸಿಕ್ಕರೆ ಉಳಿದಿಬ್ಬರ ಹಣದ ಮೂರರಷ್ಟು ಎನ್ನುತ್ತಾನೆ ಎರಡನೆಯವನು, ಐದರಷ್ಟು ಎನ್ನುತ್ತಾನೆ ಮೂರನೆಯವನು. ಚೀಲದಲ್ಲಿ ಎಷ್ಟಿತ್ತು? ಒಬ್ಬೊಬ್ಬರ ಕೈಯಲ್ಲಿ ಎಷ್ಟೆಷ್ಟಿತ್ತು?

ಬೀಜಗಣಿತದ ಸಮೀಕರಣಗಳಿಗೆ ಕೈಹಾಕುವ ಮೊದಲು ಹೀಗೆ ನೋಡಿ. ಚೀಲವೂ ಸೇರಿ ಎಲ್ಲ ಹಣದ ಮೊತ್ತವನ್ನು ಒಂದು ರಾಶಿ ಎನ್ನೋಣ. ಮೊದಲನೆಯವನ ಮಾತಿನಂತೆ ಉಳಿದಿಬ್ಬರ ಹಣ ಈ ರಾಶಿಯ ಮೂರರಲ್ಲಿ ಒಂದು ಪಾಲು. ಎರಡನೆಯವನ ಮಾತಿನಂತೆ ಮೊದಲನೆಯ ಮತ್ತು ಮೂರನೆಯವರದು ನಾಲ್ಕರಲ್ಲಿ ಒಂದು ಪಾಲು. ಮೂರನೆಯವನ ಮಾತಿನಂತೆ ಮೊದಲಿಬ್ಬರದು ಆರರಲ್ಲಿ ಒಂದು ಪಾಲು. ರಾಶಿಯನ್ನು 24 ಎಂದಿಟ್ಟುಕೊಂಡರೆ ಈ ಜೋಡಿಗಳ ಹಣ ಕ್ರಮವಾಗಿ 8, 6, 4. ಮೂರನ್ನೂ ಕೂಡಿದರೆ 18. ಇದರಲ್ಲಿ ಪ್ರತಿಯೊಬ್ಬನೂ ಎರಡು ಸಲ ಸೇರಿರುವುದರಿಂದ ಮೂವರ ಒಟ್ಟು ಹಣ 9. ಹಾಗಾಗಿ ಅವರ ಕೈಯಲ್ಲಿದ್ದದ್ದು 1, 3, 5, ಚೀಲದಲ್ಲಿದ್ದದ್ದು 15. (ಇವುಗಳ ಗುಣಕಗಳೂ ಉತ್ತರಗಳೇ.)

ದಾರಿಯಲ್ಲಿ ಹಣ ಕಂಡ ಯಾವ ವರ್ತಕನೂ ಹೀಗೆ ಮಾತನಾಡುವುದಿಲ್ಲ. ಭೌತವಿಜ್ಞಾನದ ಪಾಠದಲ್ಲಿ ನಾವು ಘರ್ಷಣೆಯಿಲ್ಲದ ಇಳಿಜಾರನ್ನು ಕಲ್ಪಿಸಿಕೊಳ್ಳುತ್ತೇವೆ. ಅಂಥ ಇಳಿಜಾರು ಎಲ್ಲಿಯೂ ಇಲ್ಲ. ಬೇಡದ್ದನ್ನೆಲ್ಲ ತೆಗೆದುಹಾಕಿದಾಗ ಬೇಕಾದ ಒಂದು ಸಂಬಂಧ ಸ್ಪಷ್ಟವಾಗಿ ಕಾಣುತ್ತದೆ. ಮಹಾವೀರಾಚಾರ್ಯನೂ ಇದನ್ನೇ ಮಾಡಿದ್ದಾನೆ. ಒಗಟೆಂದರೆ ಹೀಗೆ ಸೋಸಿ ತೆಗೆದ ಕಷ್ಟ.

ಕೋತಿಗೂ ಇದೆ ಈ ಹುಚ್ಚು

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಹ್ಯಾರಿ ಹಾರ್ಲೋ ಮತ್ತು ಸಂಗಡಿಗರು 1950ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಚಿಲಕ, ಕೊಂಡಿಗಳನ್ನು ಜೋಡಿಸಿದ ಯಂತ್ರ-ಒಗಟನ್ನು ರೀಸಸ್ ಕೋತಿಗಳ ಪಂಜರದಲ್ಲಿ ಇಡಲಾಯಿತು. ಬಿಚ್ಚಿದರೆ ತಿನ್ನಲು ಏನೂ ಇಲ್ಲ. ಆದರೂ ಕೋತಿಗಳು ಮತ್ತೆ ಮತ್ತೆ ಅದರ ಬಳಿಗೆ ಬಂದು, ಬಿಚ್ಚುವ ಕ್ರಮವನ್ನು ಕಲಿತುಬಿಟ್ಟವು. ಅಚ್ಚರಿಯ ಸಂಗತಿ ಇನ್ನೊಂದು: ಬಹುಮಾನವಾಗಿ ಆಹಾರವನ್ನು ಇಟ್ಟಾಗ ಅವುಗಳ ಕೆಲಸ ಉತ್ತಮವಾಗುವ ಬದಲು ಕೆಟ್ಟಿತು. ಬಿಡಿಸುವ ಕ್ರಿಯೆಯೇ ಅದರ ಸಂಭಾವನೆ ಎಂದಾಯಿತು. ಅಂಕಗಳ ಆಸೆ ತೋರಿಸಿ ಕಲಿಸುವ ನಾವು ಇದನ್ನು ನೆನಪಿಡುವುದು ಒಳ್ಳೆಯದು.

ಉತ್ತರ 'ಹೊಳೆಯುವುದು' ಎಂಬ ಮಾತಿಗೂ ಮಿದುಳಿನಲ್ಲಿ ಆಧಾರವಿದೆ. ಮಾರ್ಕ್ ಬೀಮನ್, ಜಾನ್ ಕೌನಿಯೋಸ್ ಮತ್ತು ಸಂಗಡಿಗರು ಪದಗಳ ಒಗಟನ್ನು ಬಿಡಿಸುವವರ ಮಿದುಳಿನ ಚಟುವಟಿಕೆಯನ್ನು ಅಳೆದು 2004ರಲ್ಲಿ ಪ್ರಕಟಿಸಿದರು. ಉತ್ತರ ತಟ್ಟನೆ ಹೊಳೆದ ಸಂದರ್ಭಗಳಲ್ಲಿ, ಅದಕ್ಕೆ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಮುಂಚೆ, ಬಲಗಿವಿಯ ಮೇಲಿನ ಮಿದುಳ ಭಾಗದಲ್ಲಿ ಹೆಚ್ಚು ಆವೃತ್ತಿಯ ವಿದ್ಯುತ್ ಚಟುವಟಿಕೆ ಕಂಡುಬಂತು. ದೂರದೂರದ ಅರ್ಥಗಳನ್ನು ಒಂದುಗೂಡಿಸುವಲ್ಲಿ ಈ ಭಾಗಕ್ಕೆ ಪಾತ್ರವಿದೆ. ಸೀರೆ ಮತ್ತು ಕಾಫಿ ಹಣ್ಣನ್ನು ಒಂದುಗೂಡಿಸುವುದೂ ಅಂಥದೇ ಕೆಲಸ.

ಹೊಳೆ ದಾಟುವ ಲೆಕ್ಕ

ಕಳಸದ ಬಳಿ ಭದ್ರಾ ನದಿಯ ಹೆಬ್ಬಾಳೆ ಸೇತುವೆ ಮಳೆಗಾಲದಲ್ಲಿ ಮುಳುಗಿದ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಹೊಳೆ ದಾಟುವುದೆಂದರೆ ಈ ಸೀಮೆಯಲ್ಲಿ ನಿಜವಾದ ಚಿಂತೆ. ಆದ್ದರಿಂದ ಹುಲಿ, ಹಸು, ಹುಲ್ಲಿನ ಹೊರೆಯ ಒಗಟು ಇಲ್ಲಿಯ ಮಕ್ಕಳಿಗೆ ಬೇಗ ಹಿಡಿಸುತ್ತದೆ. ದೋಣಿಯಲ್ಲಿ ಅಂಬಿಗನ ಜೊತೆ ಒಂದಕ್ಕೆ ಮಾತ್ರ ಜಾಗ. ಅವನಿಲ್ಲದಾಗ ಹುಲಿ ಹಸುವನ್ನೂ ಹಸು ಹುಲ್ಲನ್ನೂ ತಿನ್ನುತ್ತದೆ. ಮೂರನ್ನೂ ದಾಟಿಸುವುದು ಹೇಗೆ?

ಅಂಬಿಗ, ಹುಲಿ, ಹಸು, ಹುಲ್ಲು ಈ ನಾಲ್ಕರಲ್ಲಿ ಪ್ರತಿಯೊಂದೂ ಈ ದಡದಲ್ಲಿರಬಹುದು ಅಥವಾ ಆ ದಡದಲ್ಲಿರಬಹುದು. ಒಟ್ಟು 16 ಸ್ಥಿತಿಗಳು. ಅವುಗಳಲ್ಲಿ 6 ಅಪಾಯದವು, ಉಳಿಯುವುದು 10. ಈ ಹತ್ತನ್ನು ಚುಕ್ಕಿಗಳಾಗಿ ಬರೆದು, ಒಂದರಿಂದ ಇನ್ನೊಂದಕ್ಕೆ ಹೋಗಲು ಸಾಧ್ಯವಿದ್ದಲ್ಲಿ ಗೆರೆ ಎಳೆಯಿರಿ. ಒಗಟು ಈಗ ಚುಕ್ಕಿಗಳ ನಡುವಣ ದಾರಿ ಹುಡುಕುವ ಕೆಲಸವಾಗುತ್ತದೆ. ಏಳು ದಾಟುಗಳ ಎರಡು ದಾರಿಗಳಿವೆ. ಎರಡರಲ್ಲಿಯೂ, ಒಮ್ಮೆ ದಾಟಿಸಿದ ಹಸುವನ್ನು ನಡುವೆ ಹಿಂದಕ್ಕೆ ತರಲೇಬೇಕು. ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಮುಂದೆ ಹೋಗಬೇಕಾದರೆ ಕೆಲವೊಮ್ಮೆ ಮಾಡಿದ ಕೆಲಸವನ್ನೇ ಹಿಂದೆಗೆಯಬೇಕು ಎಂಬ ಪಾಠ ಇದರಲ್ಲಿದೆ.

ಯೂರೋಪಿನಲ್ಲಿ ತೋಳ, ಮೇಕೆ, ಎಲೆಕೋಸಿನ ರೂಪದಲ್ಲಿ ಇದೇ ಒಗಟು, 804ರಲ್ಲಿ ತೀರಿಕೊಂಡ ಆಲ್ಕ್ವಿನ್ ಎಂಬ ವಿದ್ವಾಂಸನದೆಂದು ಹೇಳಲಾಗುವ ಸಂಗ್ರಹದಲ್ಲಿ ಸಿಗುತ್ತದೆ. ಆಫ್ರಿಕದ ಹಲವು ಜನಾಂಗಗಳಲ್ಲಿ ಇದರ ಬೇರೆ ಬೇರೆ ರೂಪಗಳಿವೆ. ಗಣಿತಜ್ಞೆ ಮಾರ್ಸಿಯಾ ಆಷರ್ 1990ರಲ್ಲಿ ಇವನ್ನೆಲ್ಲ ಹೋಲಿಸಿ ಲೇಖನ ಬರೆದರು.

ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ಮೂಡಿಗೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಹೋಗಿದ್ದೆ. ಹುಲಿ-ಹಸುವಿನ ಒಗಟು ಅಲ್ಲಿಯ ಒಂಬತ್ತನೆಯ ತರಗತಿಯ ಮಕ್ಕಳಿಗೆ ಮೊದಲೇ ಗೊತ್ತಿತ್ತು. ಸ್ವಲ್ಪ ಕಠಿಣವಾಗಲಿ ಎಂದು ನಿಂತಲ್ಲಿಯೇ ಬದಲಾಯಿಸಿದೆ: ಚಿರತೆ, ನಾಯಿ, ಕೋಳಿ, ಭತ್ತದ ಮೂಟೆ. ಚಿರತೆ ನಾಯಿಯನ್ನೂ ಕೋಳಿಯನ್ನೂ ಬಿಡದು, ನಾಯಿ ಕೋಳಿಯನ್ನು ಬಿಡದು, ಕೋಳಿ ಭತ್ತವನ್ನು ಬಿಡದು. ದೋಣಿಯಲ್ಲಿ ಜಾಗ ಮೊದಲಿನಂತೆ ಒಂದಕ್ಕೇ.

ಹತ್ತು ನಿಮಿಷ ಕಳೆಯುವುದರೊಳಗೆ ಒಬ್ಬ ಹುಡುಗಿ ಎದ್ದು ನಿಂತಳು. 'ಸಾರ್, ಇದು ಆಗೋದೇ ಇಲ್ಲ. ಯಾವುದನ್ನ ಮೊದಲು ತಗೊಂಡು ಹೋದ್ರೂ ಉಳಿದ ಮೂರರಲ್ಲಿ ಒಂದು ಇನ್ನೊಂದನ್ನ ತಿನ್ನತ್ತೆ.'

'ಉತ್ತರ ಇದೆಯಮ್ಮ, ಇನ್ನೂ ಸ್ವಲ್ಪ ಯೋಚಿಸು' ಎಂದೆ. ಅವಳು ಕುಳಿತಳು. ತರಗತಿ ಮುಗಿಯುವವರೆಗೂ ಅವಳ ಪೆನ್ಸಿಲು ಓಡುತ್ತಲೇ ಇತ್ತು.

ಚಿಕ್ಕಮಗಳೂರಿಗೆ ಮರಳುವ ಬಸ್ಸಿನಲ್ಲಿ ಕಾಗದ ತೆಗೆದು ನೋಡಿದೆ. ನೀವೂ ನೋಡಿ. ಚಿರತೆಯನ್ನು ಒಯ್ದರೆ ನಾಯಿ, ಕೋಳಿ ಉಳಿಯುತ್ತವೆ. ನಾಯಿಯನ್ನು ಒಯ್ದರೆ ಕೋಳಿ ಮತ್ತು ಭತ್ತ. ಕೋಳಿಯನ್ನು ಒಯ್ದರೆ ಚಿರತೆ ಮತ್ತು ನಾಯಿ. ಭತ್ತವನ್ನು ಒಯ್ದರಂತೂ ಮೂರು ಪ್ರಾಣಿಗಳೂ ಒಟ್ಟಿಗೆ. ಮೊದಲ ಹೆಜ್ಜೆಯನ್ನೇ ಇಡಲಾಗದು. ಅವಳು ಹೇಳಿದ್ದು ಪೂರ್ಣವಾದ ಸಾಧನೆಯಾಗಿತ್ತು. ಒಗಟನ್ನು ತಾನೇ ಬಿಡಿಸಿ ನೋಡದೆ ಭರವಸೆ ಕೊಟ್ಟವನು ನಾನು. ಮರುದಿನವೇ ಶಾಲೆಗೆ ಪತ್ರ ಬರೆದು ತರಗತಿಯಲ್ಲಿ ಓದಿಸಲು ಕೋರಿದೆ, ಅಧ್ಯಾಪಕರು ಓದಿದರು. ಆದರೆ ಆ ಅರ್ಧ ಗಂಟೆ ಅವಳು ತನ್ನ ಸರಿಯಾದ ವಾದವನ್ನೇ ಅನುಮಾನಿಸುತ್ತ ಕುಳಿತಿದ್ದಳಲ್ಲ, ಅದನ್ನು ಯಾವ ಪತ್ರವೂ ಹಿಂದಕ್ಕೆ ತರಲಾರದು.

ಆಮೇಲೆ ಆಷರ್ ಅವರ ಲೇಖನದ ವಿವರಗಳನ್ನು ಓದುವಾಗ ಬೆರಗಾಯಿತು. ಜಾಂಬಿಯಾದ ಇಲಾ ಜನರ ಒಗಟಿನಲ್ಲಿ ಚಿರತೆ, ಮೇಕೆ, ಇಲಿ ಮತ್ತು ಒಂದು ಬುಟ್ಟಿ ಜೋಳ ಇವೆ. ದೋಣಿಯಲ್ಲಿ ಒಂದಕ್ಕೇ ಜಾಗ. ನಾನು ಅರಿಯದೆ ಕಟ್ಟಿದ್ದು ಅದೇ ಒಗಟನ್ನು! ಅವರ ಉತ್ತರವೇನು ಗೊತ್ತೆ? ಒಂದನ್ನು ಬಿಟ್ಟುಹೋದರೆ ಉಳಿದವನ್ನು ದಾಟಿಸಬಹುದು. ಆದರೆ ಪ್ರಾಣಿಗಳು ಅವನಿಗೆ ಮಕ್ಕಳಿದ್ದಂತೆ. ಆದ್ದರಿಂದ ಅವನು ಹೊಳೆ ದಾಟದೆ ಇದ್ದಲ್ಲಿಯೇ ಉಳಿಯುತ್ತಾನೆ.

'ಆಗದು' ಎಂಬ ಉತ್ತರ

ಒಗಟಿನ ಸ್ವಭಾವ ಈಗ ಸ್ಪಷ್ಟವಾಗುತ್ತದೆ. ಒಗಟೆಂದರೆ ಉತ್ತರವಿದೆ ಎಂಬ ಭರವಸೆಯ ಜೊತೆಗೆ ಬರುವ ಪ್ರಶ್ನೆ. ಉತ್ತರವನ್ನು ಹುಡುಕುವುದು ಕಷ್ಟ. ಸಿಕ್ಕ ಮೇಲೆ ಸರಿಯೇ ಎಂದು ನೋಡುವುದು ಸುಲಭ. ಸೋತರೂ ನಷ್ಟವಿಲ್ಲ. ಹೀಗಾಗಿ ಸಿಕ್ಕಿಹಾಕಿಕೊಂಡಾಗ ಎದೆಗುಂದದೆ ಇರುವುದನ್ನು, ದಾರಿ ಬದಲಿಸುವುದನ್ನು ಅಪಾಯವಿಲ್ಲದೆ ಕಲಿಯಲು ಅದು ಒಳ್ಳೆಯ ಅಭ್ಯಾಸದ ಅಂಗಳ. ಎಲ್ಲ ನಾಡುಗಳ ಜನರೂ ಇದನ್ನು ಕಟ್ಟಿಕೊಂಡು ಬಂದದ್ದು ಇದಕ್ಕಾಗಿಯೇ ಎಂದು ನನಗೆ ಅನ್ನಿಸುತ್ತದೆ.

ಪ್ರಕೃತಿಯಾದರೋ ಅಂಥ ಭರವಸೆಯನ್ನು ಕೊಡುವುದಿಲ್ಲ. ಅಲ್ಲಿ 'ಇದು ಏಕೆ ಆಗದು?' ಎಂದು ಕೇಳುವ ಧೈರ್ಯವೂ ಬೇಕು. ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳ ಮೇಲೆ, ಯಾವುದನ್ನೂ ಎರಡನೆಯ ಸಲ ತುಳಿಯದೆ, ಒಂದೊಂದು ಸಲ ಮಾತ್ರ ನಡೆದು ಬರಲು ಸಾಧ್ಯವೇ ಎಂಬುದು ಅಲ್ಲಿಯ ಜನರ ಒಗಟಾಗಿತ್ತು. ಲಿಯೊನಾರ್ಡ್ ಆಯ್ಲರ್ 1735ರಲ್ಲಿ ಅದು ಆಗದೆಂದು ತೋರಿಸಿದ. ಕಾರಣ ಸರಳ. ನಡಿಗೆಯ ನಡುವೆ ಬರುವ ಯಾವುದೇ ಭೂಭಾಗಕ್ಕೆ ಒಂದು ಸೇತುವೆಯಿಂದ ಬಂದರೆ ಇನ್ನೊಂದರಿಂದ ಹೋಗಬೇಕು. ಸೇತುವೆಗಳು ಜೋಡಿಜೋಡಿಯಾಗಿ ಮುಗಿಯುತ್ತವೆ. ಬೆಸ ಸಂಖ್ಯೆಯ ಸೇತುವೆಗಳಿರುವ ಭಾಗ ನಡಿಗೆಯ ಆರಂಭ ಅಥವಾ ಕೊನೆಯಾಗಿರಲೇಬೇಕು. ಅಂಥವು ಎರಡಕ್ಕಿಂತ ಹೆಚ್ಚು ಇರುವಂತಿಲ್ಲ. ಅಲ್ಲಿ ನಾಲ್ಕೂ ಭಾಗಗಳು ಬೆಸ! ಕೈ ಎತ್ತದೆ ಎಳೆಯುವ ರಂಗೋಲಿಗೂ ಇದೇ ನಿಯಮ. ಆ 'ಆಗದು' ಎಂಬ ಉತ್ತರದಿಂದ ಗಣಿತದ ಒಂದು ಹೊಸ ಶಾಖೆಯೇ ಹುಟ್ಟಿತು.

ಭೌತವಿಜ್ಞಾನದಲ್ಲಿಯೂ ಹಾಗೆಯೇ. ನಿಲ್ಲದೆ ಓಡುವ ನಿತ್ಯಚಲನ ಯಂತ್ರದ ಪ್ರಸ್ತಾವಗಳನ್ನು ಇನ್ನು ಪರಿಶೀಲಿಸುವುದಿಲ್ಲ ಎಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1775ರಲ್ಲಿ ನಿರ್ಧರಿಸಿತು. ಅಂಥ ಯಂತ್ರ ಏಕೆ ಆಗದು ಎಂಬುದನ್ನು ಮುಂದಿನ ಶತಮಾನದಲ್ಲಿ ಉಷ್ಣಗತಿವಿಜ್ಞಾನದ ನಿಯಮಗಳು ವಿವರಿಸಿದವು.

ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ಒಗಟು ಕೊಡುವ ಮೊದಲು ನೀವೇ ಬಿಡಿಸಿ ನೋಡಿ. ಕೊಟ್ಟ ಮೇಲೆ ಉತ್ತರ ಹೇಳಲು ಅವಸರಪಡಬೇಡಿ. ಒಂದು ದಿನ, ಬೇಕಾದರೆ ಒಂದು ವಾರ ಬಿಡಿ. ಯಾರಾದರೂ 'ಆಗೋದಿಲ್ಲ' ಎಂದರೆ 'ಯೋಚಿಸು' ಎನ್ನುವ ಬದಲು 'ಏಕೆ ಆಗದು, ಹೇಳು' ಎಂದು ಕೇಳಿ. ಸೋಲು ಮತ್ತು ಸಾಧನೆಗಳ ನಡುವಿನ ವ್ಯತ್ಯಾಸ ಆ ಒಂದು ಪ್ರಶ್ನೆಯಲ್ಲಿದೆ.

ಕೊನೆಗೆ ನಿಮಗೊಂದು ಕೆಲಸ. ಚಿರತೆ, ನಾಯಿ, ಕೋಳಿ, ಭತ್ತ ಅವೇ ಇರಲಿ. ಯಾವುದು ಯಾವುದನ್ನು ತಿನ್ನುತ್ತದೆ ಎಂಬುದೂ ಮೊದಲಿನಂತೆಯೇ. ದೋಣಿಯಲ್ಲಿ ಮಾತ್ರ ಅಂಬಿಗನ ಜೊತೆ ಎರಡಕ್ಕೆ ಜಾಗವಿದೆ. ಐದು ದಾಟುಗಳಲ್ಲಿ ಎಲ್ಲವನ್ನೂ ಆಚೆ ದಡಕ್ಕೆ ಸೇರಿಸಿ; ಮೂರರಲ್ಲಿ ಏಕೆ ಆಗದೆಂಬುದನ್ನೂ ಹೇಳಿ. ಉತ್ತರವಿದೆ. ಈ ಸಲ ಬಿಡಿಸಿ ನೋಡಿಯೇ ಹೇಳುತ್ತಿದ್ದೇನೆ.