ಯಂತ್ರಬುದ್ಧಿಯೂ ರಾಷ್ಟ್ರಗಳ ಒಡಂಬಡಿಕೆಯೂ

ರೇಡಿಯೋ ಕೇಳಿ ಬೆಳೆದವರಿಗೆ ಕೆಲವು ಸಂಖ್ಯೆಗಳು ಬಾಯಿಪಾಠವಾಗಿರುತ್ತವೆ. ಬೆಂಗಳೂರು ೬೧೨, ಧಾರವಾಡ ೭೬೫, ಭದ್ರಾವತಿ ೬೭೫ ಕಿಲೋಹರ್ಟ್ಸ್. ಉದ್ಘೋಷಕರು ದಿನವೂ ಹೇಳುತ್ತಿದ್ದ ಈ ಅಂಕಿಗಳನ್ನು ನಾವು ಮಂತ್ರದಂತೆ ಕೇಳಿದೆವೇ ಹೊರತು ಅವುಗಳ ಅರ್ಥವನ್ನು ವಿಚಾರಿಸಲು ಹೋಗಲಿಲ್ಲ. ಒಮ್ಮೆ ಇವನ್ನು ಒಂಬತ್ತರಿಂದ ಭಾಗಿಸಿ ನೋಡಿ. ಒಂದರಲ್ಲೂ ಶೇಷ ಉಳಿಯುವುದಿಲ್ಲ. ಇದು ಆಕಸ್ಮಿಕವಲ್ಲ. ರಾತ್ರಿಯ ಹೊತ್ತು ಮಧ್ಯಮ ತರಂಗಗಳು ಬಹುದೂರ ಸಾಗುತ್ತವೆ. ಗಡಿಯಾಗಲಿ ಸುಂಕದ ಕಟ್ಟೆಯಾಗಲಿ ಅವಕ್ಕೆ ಲೆಕ್ಕವಿಲ್ಲ. ಒಂದು ದೇಶದ ಹಾಡು ಇನ್ನೊಂದು ದೇಶದ ವಾರ್ತೆಯ ಮೇಲೆ ಬಂದು ಬೀಳಬಾರದೆಂದು ಯೂರೋಪು, ಆಫ್ರಿಕ, ಏಷ್ಯಗಳ ರಾಷ್ಟ್ರಗಳು ೧೯೭೫ರಲ್ಲಿ ಜಿನೀವಾದಲ್ಲಿ ಕಲೆತು, ನಿಲಯಗಳೆಲ್ಲ ಒಂಬತ್ತೊಂಬತ್ತು ಕಿಲೋಹರ್ಟ್ಸ್ ಅಂತರದಲ್ಲಿ ನಿಲ್ಲತಕ್ಕದ್ದೆಂದು ಗೊತ್ತುಮಾಡಿದವು. ೧೯೭೮ರ ನವೆಂಬರಿನಲ್ಲಿ ಅದು ಜಾರಿಗೆ ಬಂತು. ಭದ್ರಾವತಿಯ ಸುಗಮ ಸಂಗೀತದ ಹಿಂದೆ ಹೀಗೊಂದು ಅಂತರರಾಷ್ಟ್ರೀಯ ಒಡಂಬಡಿಕೆ ಸದ್ದಿಲ್ಲದೆ ನಿಂತಿತ್ತು.

ಕೃತಕ ಬುದ್ಧಿಮತ್ತೆಯನ್ನು ಕುರಿತು ಮಾತನಾಡಬೇಕೆಂದು ನನ್ನನ್ನು ಕೇಳಿದಾಗ ನನಗೆ ಮೊದಲು ನೆನಪಾದದ್ದು ಈ ಸಂಖ್ಯೆಗಳೇ. ಬರೆಯುವ, ಮಾತನಾಡುವ, ಚಿತ್ರ ಬಿಡಿಸುವ, ರೋಗ ಊಹಿಸುವ ಈ ಹೊಸ ಯಂತ್ರಗಳಿಗೆ ಯಾವ ನಿಯಮ, ಅದನ್ನು ಯಾರು ಮಾಡಬೇಕು ಎಂಬ ಪ್ರಶ್ನೆ ಇಂದು ರಾಷ್ಟ್ರ ರಾಷ್ಟ್ರಗಳ ನಡುವೆ ಎದ್ದಿದೆ. ಇಂಥದು ಹಿಂದೆಂದೂ ಕಂಡದ್ದಿಲ್ಲ ಎನ್ನುವವರೇ ಹೆಚ್ಚು. ನನಗೇನೋ ನಿಸ್ತಂತುವಿನ ಹಳೆಯ ಕಥೆಯೇ ಬೇರೆ ವೇಷದಲ್ಲಿ ಬಂದಿದೆಯೆನ್ನಿಸುತ್ತದೆ.

ಆ ಕಥೆ ಹೀಗಿದೆ. ೧೯೦೨ರಲ್ಲಿ ಜರ್ಮನಿಯ ಚಕ್ರವರ್ತಿಯ ತಮ್ಮ ಹೈನ್‌ರಿಷ್ ಅಮೆರಿಕದ ಪ್ರವಾಸ ಮುಗಿಸಿ ಹಡಗಿನಲ್ಲಿ ಹಿಂದಿರುಗುತ್ತಿದ್ದ. ತನ್ನನ್ನು ಆದರಿಸಿದ ಅಧ್ಯಕ್ಷ ರೂಸ್ವೆಲ್ಟ್‌ಗೆ ಹಡಗಿನಿಂದಲೇ ನಿಸ್ತಂತುವಿನ ಮೂಲಕ ವಂದನೆ ಕಳುಹಿಸಲು ಹೊರಟ. ದಡದ ಮೇಲಿದ್ದದ್ದು ಮಾರ್ಕೋನಿ ಕಂಪನಿಯ ಕೇಂದ್ರ. ಹಡಗಿನಲ್ಲಿದ್ದದ್ದು ಜರ್ಮನ್ ಉಪಕರಣ. ತನ್ನ ಉಪಕರಣವಲ್ಲದ ಉಪಕರಣದೊಡನೆ ಮಾತನಾಡಬಾರದೆಂಬುದು ಆ ಕಂಪನಿಯ ನಿಯಮ. ರಾಜಕುಮಾರನ ವಂದನೆ ಸಮುದ್ರದ ಮೇಲೆಯೇ ಉಳಿಯಿತು. ಕೋಪಗೊಂಡ ಜರ್ಮನಿ ಮರುವರ್ಷ ಬರ್ಲಿನ್ನಿನಲ್ಲಿ ರಾಷ್ಟ್ರಗಳ ಸಭೆ ಕರೆಯಿತು. ೧೯೦೬ರಲ್ಲಿ ಅಲ್ಲಿಯೇ ಇನ್ನೂ ದೊಡ್ಡದೊಂದು ಸಭೆ ಸೇರಿತು. ಅದರ ಫಲವಾದ ಒಡಂಬಡಿಕೆಯಲ್ಲಿ ಎರಡು ಅಂಶಗಳು ಮುಖ್ಯ: ಯಾರ ಯಂತ್ರವೇ ಆಗಿರಲಿ, ದಡವೂ ಹಡಗೂ ಪರಸ್ಪರ ಮಾತನಾಡತಕ್ಕದ್ದು, ಅಪಾಯದಲ್ಲಿರುವ ಹಡಗು ಮೂರು ಚುಕ್ಕಿ, ಮೂರು ಗೆರೆ, ಮೂರು ಚುಕ್ಕಿಗಳ ಕರೆ ಕಳುಹಿಸತಕ್ಕದ್ದು. ಬ್ರಿಟನ್ನೂ ಇಟಲಿಯೂ ಮೊದಲನೆಯ ಅಂಶಕ್ಕೆ ಅಡ್ಡಿ ಹೇಳಿದವು, ಏಕೆಂದರೆ ಮಾರ್ಕೋನಿಯ ಹಿತ ಅವುಗಳ ಹಿತವೂ ಆಗಿತ್ತು. ಅಮೆರಿಕ ಅಂಕಿತ ಹಾಕಿತಾದರೂ ಅದನ್ನು ಅನುಮೋದಿಸಲು ೧೯೧೨ರವರೆಗೂ ಎಳೆದಾಡಿತು.

ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಟೈಟಾನಿಕ್ ಮುಳುಗಿತು. ಆ ಹಡಗಿನಿಂದ ಕರೆಯೇನೋ ಹೋಯಿತು. ಸಮೀಪದಲ್ಲಿದ್ದ ಕ್ಯಾಲಿಫೋರ್ನಿಯನ್ ಎಂಬ ಹಡಗಿನಲ್ಲಿ ನಿಸ್ತಂತು ನಡೆಸುತ್ತಿದ್ದವನು ಒಬ್ಬನೇ. ದಿನದ ಕೆಲಸ ಮುಗಿಸಿ, ಯಂತ್ರ ನಿಲ್ಲಿಸಿ ಮಲಗಿದ್ದ. ಅವನು ತಪ್ಪು ಮಾಡಲಿಲ್ಲ. ರಾತ್ರಿಯೆಲ್ಲ ಎಚ್ಚರವಾಗಿರಬೇಕೆಂದು ಯಾರೂ ನಿಯಮ ಮಾಡಿರಲಿಲ್ಲ. ಸುಮಾರು ೧,೫೦೦ ಮಂದಿ ಸತ್ತ ಮೇಲೆ, ೧೯೧೪ರ ಒಡಂಬಡಿಕೆಯಲ್ಲಿ ಆ ನಿಯಮ ಬಂತು.

ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಯಂತ್ರಬುದ್ಧಿಯ ವಿಷಯದಲ್ಲಿ ನಡೆದಿರುವ ಸಭೆಗಳ ಪಟ್ಟಿ ದೊಡ್ಡದು. ೨೦೨೩ರ ನವೆಂಬರಿನಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ, ಎಂದರೆ ಮಹಾಯುದ್ಧದ ಕಾಲದಲ್ಲಿ ಆಲನ್ ಟ್ಯೂರಿಂಗ್ ಶತ್ರುವಿನ ಗೂಢಲಿಪಿಯನ್ನು ಒಡೆದ ಜಾಗದಲ್ಲಿಯೇ, ೨೮ ರಾಷ್ಟ್ರಗಳೂ ಯೂರೋಪಿನ ಒಕ್ಕೂಟವೂ ಒಂದು ಘೋಷಣೆಗೆ ಸಮ್ಮತಿಯಿತ್ತವು. ಅಮೆರಿಕ, ಚೀನ, ಭಾರತ ಮೂರೂ ಅದರಲ್ಲಿದ್ದವು. ಈ ಯಂತ್ರಗಳಿಂದ ಮಹತ್ತರವಾದ ಅಪಾಯ ಒದಗಬಹುದೆಂದು ಅಷ್ಟು ಮಂದಿ ಒಟ್ಟಿಗೆ ಒಪ್ಪಿದ್ದು ಅದೇ ಮೊದಲು. ಮರುವರ್ಷ ಸೋಲ್‌ನಲ್ಲಿ, ೨೦೨೫ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ, ೨೦೨೬ರ ಫೆಬ್ರವರಿಯಲ್ಲಿ ನಮ್ಮ ದೆಹಲಿಯಲ್ಲಿ ಮತ್ತೆ ಸೇರಿದರು. ಪ್ಯಾರಿಸ್ಸಿನ ಸಭೆಗೆ ಭಾರತವೂ ಸಹಾಧ್ಯಕ್ಷ ಸ್ಥಾನದಲ್ಲಿತ್ತು. ಅಲ್ಲಿಯ ಘೋಷಣೆಗೆ ಅಮೆರಿಕವೂ ಬ್ರಿಟನ್ನೂ ಸಮ್ಮತಿ ಕೊಡಲಿಲ್ಲ. ಸಾಹಿತ್ಯದ ವಿದ್ಯಾರ್ಥಿಯಾದ ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಈ ಸಭೆಗಳ ಹೆಸರು. ಬ್ಲೆಚ್ಲಿಯದು ‘ಸುರಕ್ಷತೆ’ಯ ಸಭೆ. ಪ್ಯಾರಿಸ್ಸಿನದು ‘ಕ್ರಿಯೆ’ಯ ಸಭೆ. ದೆಹಲಿಯದು ‘ಪರಿಣಾಮ’ದ ಸಭೆ. ಎರಡೂಕಾಲು ವರ್ಷದಲ್ಲಿ ಒಂದು ಪದ ಶೀರ್ಷಿಕೆಯಿಂದ ಮೆಲ್ಲಗೆ ಇಳಿದುಹೋಯಿತು.

ಘೋಷಣೆಯೆಂಬುದು ಕಟ್ಟುಪಾಡಲ್ಲ. ಕಟ್ಟುಪಾಡಿನ ರೂಪದಲ್ಲಿ ಮೊದಲು ಬಂದ ಅಂತರರಾಷ್ಟ್ರೀಯ ಒಡಂಬಡಿಕೆ ಯೂರೋಪಿನ ಕೌನ್ಸಿಲಿನದು. ೨೦೨೪ರ ಸೆಪ್ಟೆಂಬರಿನಲ್ಲಿ ಅದನ್ನು ಅಂಕಿತಕ್ಕಾಗಿ ತೆರೆದಿಟ್ಟರು. ಅದನ್ನು ಓದಿದವರಿಗೆ ಮಾರ್ಕೋನಿಯ ನೆನಪಾದರೆ ಆಶ್ಚರ್ಯವಿಲ್ಲ. ಸರ್ಕಾರಗಳು ತಾವು ಬಳಸುವ ಯಂತ್ರಗಳಿಗೆ ನೇರವಾಗಿ ಬದ್ಧವಾಗಬೇಕು; ಖಾಸಗಿ ಕಂಪನಿಗಳನ್ನು ಯಾವ ಬಗೆಯಲ್ಲಿ ಬದ್ಧಗೊಳಿಸಬೇಕೆಂಬುದನ್ನು ಆಯಾ ರಾಷ್ಟ್ರ ಆರಿಸಿಕೊಳ್ಳಬಹುದು; ರಾಷ್ಟ್ರರಕ್ಷಣೆ ಅದರ ವ್ಯಾಪ್ತಿಗೇ ಸೇರದು. ಈ ಯಂತ್ರಗಳಲ್ಲಿ ಅತ್ಯಂತ ಶಕ್ತಿಶಾಲಿಯಾದವನ್ನು ಕಟ್ಟುವವರು ಬಹುಮಟ್ಟಿಗೆ ಖಾಸಗಿ ಕಂಪನಿಗಳೇ. ಅವುಗಳಿಗೆ ಬಾಗಿಲು ಅರ್ಧ ತೆರೆದಿಟ್ಟು ಮನೆಗೆ ಬೀಗ ಹಾಕಿದೆವೆಂದರೆ ಏನನ್ನಬೇಕು?

ಹೋಲಿಕೆಯನ್ನು ಅತಿಯಾಗಿ ಎಳೆಯಲೂಬಾರದು. ರೇಡಿಯೋ ತರಂಗಗಳ ವಿಷಯದಲ್ಲಿ ಪ್ರಕೃತಿಯೇ ರಾಷ್ಟ್ರಗಳ ಕಿವಿ ಹಿಂಡಿತು. ಎರಡು ನಿಲಯಗಳು ಒಂದೇ ಸಂಖ್ಯೆಯ ಮೇಲೆ ಕೂಗಿದರೆ ಇಬ್ಬರಿಗೂ ನಷ್ಟ. ಯಂತ್ರಬುದ್ಧಿಯಲ್ಲಿ ಹಾಗಲ್ಲ. ನೆರೆಯವನು ನಿಯಮಕ್ಕೆ ತಲೆಬಾಗಿ ನಾನು ಬಾಗದಿದ್ದರೆ ಲಾಭ ನನಗೇ ಎಂದು ಪ್ರತಿಯೊಬ್ಬನೂ ಎಣಿಸುತ್ತಾನೆ. ಅಣುಶಕ್ತಿಯ ಉದಾಹರಣೆಯನ್ನು ಕೊಡುವವರಿದ್ದಾರೆ. ವಿಯನ್ನಾದಲ್ಲಿ ೧೯೫೭ರಲ್ಲಿ ಹುಟ್ಟಿದ ಸಂಸ್ಥೆಯಂಥದು ಇದಕ್ಕೂ ಬೇಕೆನ್ನುತ್ತಾರೆ. ಯುರೇನಿಯಮ್ಮನ್ನು ತೂಗಬಹುದು, ಉಗ್ರಾಣಕ್ಕೆ ಮುದ್ರೆ ಹಾಕಬಹುದು. ಆದರೆ ಕಲಿತು ಮುಗಿದ ಯಂತ್ರಬುದ್ಧಿಯೆಂದರೆ ಕೇವಲ ಸಂಖ್ಯೆಗಳ ಒಂದು ಮಹಾರಾಶಿ. ಅದನ್ನು ಕ್ಷಣದಲ್ಲಿ ನಕಲು ಮಾಡಿ ಇನ್ನೊಂದು ಖಂಡಕ್ಕೆ ಸಾಗಿಸಬಹುದು. ಎಣಿಸಲು ಸಿಗುವುದು ಅದನ್ನು ಕಲಿಸುವ ಚಿಪ್ಪುಗಳು ಮಾತ್ರ. ಅವುಗಳಲ್ಲಿ ಉತ್ತಮವಾದವನ್ನು ತಯಾರಿಸುವುದು ಬಹುಪಾಲು ತೈವಾನಿನಲ್ಲಿ. ೨೦೨೨ರ ಅಕ್ಟೋಬರಿನಲ್ಲಿ ಅಮೆರಿಕ ಅಂಥ ಚಿಪ್ಪುಗಳನ್ನು ಚೀನಕ್ಕೆ ಮಾರದಂತೆ ಕಟ್ಟುಹಾಕಿದ್ದು ಈ ಕಾರಣದಿಂದಲೇ. ಎಣಿಕೆ ಸಾಧ್ಯವಿದ್ದ ಕಡೆಯೂ ಅದು ಸಹಕಾರಕ್ಕೆ ಒದಗದೆ ಸ್ಪರ್ಧೆಗೆ ಒದಗಿತು.

ಹಾಗೆಂದು ಎಲ್ಲವೂ ವ್ಯರ್ಥವೆನ್ನಲಾರೆ. ೨೦೨೪ರ ನವೆಂಬರಿನಲ್ಲಿ ಪೆರುವಿನ ಲಿಮಾ ನಗರದಲ್ಲಿ ಅಮೆರಿಕ ಮತ್ತು ಚೀನದ ಅಧ್ಯಕ್ಷರು ಭೇಟಿಯಾದಾಗ, ಅಣ್ವಸ್ತ್ರ ಪ್ರಯೋಗದ ತೀರ್ಮಾನ ಮನುಷ್ಯರ ಕೈಯಲ್ಲೇ ಇರಬೇಕೆಂಬ ಒಂದು ಮಾತನ್ನು ಇಬ್ಬರೂ ಒಪ್ಪಿಕೊಂಡರು. ಒಂದೇ ಒಂದು ವಾಕ್ಯ. ದೀರ್ಘವಾದ ಘೋಷಣೆಗಳಿಗಿಂತ ಅದು ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ; ೧೯೦೬ರ ಮೂರು ಚುಕ್ಕಿಗಳ ಜಾತಿಗೆ ಸೇರಿದ್ದು ಅದು. ೨೦೨೫ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ನಲವತ್ತು ಮಂದಿ ತಜ್ಞರ ವಿಜ್ಞಾನ ಮಂಡಲಿಯೊಂದನ್ನು ಏರ್ಪಡಿಸಲು ನಿರ್ಣಯಿಸಿತು. ಅದಕ್ಕೆ ಆಜ್ಞೆ ಮಾಡುವ ಅಧಿಕಾರವಿಲ್ಲ. ಕಂಡದ್ದನ್ನು ವರದಿ ಮಾಡಬಹುದು, ಅಷ್ಟೆ. ಆದರೂ ಚಿಕ್ಕ ರಾಷ್ಟ್ರಕ್ಕೂ ಒಂದು ಆಸನವಿರುವ ಸಭೆಗೆ ಆ ವರದಿ ಬರುತ್ತದೆ. ಇಪ್ಪತ್ತೆಂಟು ರಾಷ್ಟ್ರಗಳನ್ನು ಆರಿಸಿ ಕರೆದ ಕೂಟಕ್ಕೂ ಇದಕ್ಕೂ ವ್ಯತ್ಯಾಸವಿದೆ.

ಇದೆಲ್ಲ ದೊಡ್ಡವರ ವ್ಯವಹಾರ, ನಮಗೇಕೆ ಎಂದು ನೀವು ಕೇಳಬಹುದು. ಈಚೆಗೆ ನಾನು ಒಂದು ಸಣ್ಣ ಪರೀಕ್ಷೆ ಮಾಡಿದೆ. ನಿದ್ರೆಯ ಮಾತ್ರೆಯೊಂದರ ಹೆಸರು ಹೇಳಿ, ನನ್ನ ವಯಸ್ಸಿನವರು ಎಷ್ಟು ಸೇವಿಸಬಹುದೆಂದು ಒಂದು ಯಂತ್ರವನ್ನು ಇಂಗ್ಲಿಷಿನಲ್ಲಿ ಕೇಳಿದೆ. ವೈದ್ಯರನ್ನು ಕಾಣಿರಿ, ನಾನು ಹೇಳಲಾರೆ ಎಂದು ಅದು ವಿನಯದಿಂದ ಉತ್ತರಿಸಿತು. ಅದನ್ನೇ ಕನ್ನಡದಲ್ಲಿ ಕೇಳಿದೆ. ಅಷ್ಟೇ ವಿನಯದಿಂದ ಒಂದು ಪ್ರಮಾಣವನ್ನು ಹೇಳಿಬಿಟ್ಟಿತು. ನನ್ನ ವೈದ್ಯ ಮಿತ್ರರು ಅದನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

ಯಂತ್ರಕ್ಕೆ ಕಾವಲು ಕಲಿಸುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಬೇರೆ ಭಾಷೆಗೆ ಬರುವಷ್ಟರಲ್ಲಿ ಕಾವಲುಗಾರ ತೂಕಡಿಸುತ್ತಾನೆ. ಇದು ನನ್ನೊಬ್ಬನ ಅನುಭವವೇನಲ್ಲ. ಹಲವು ರಾಷ್ಟ್ರಗಳ ಸುರಕ್ಷತಾ ಸಂಸ್ಥೆಗಳು ಸಿಂಗಪುರದ ಮುಂದಾಳುತನದಲ್ಲಿ ಒಂದುಗೂಡಿ, ಹತ್ತು ಭಾಷೆಗಳಲ್ಲಿ ಇಂಥ ಯಂತ್ರಗಳನ್ನು ಪರೀಕ್ಷಿಸಿ ೨೦೨೫ರಲ್ಲಿ ವರದಿ ಕೊಟ್ಟವು. ಕೊರಿಯನ್, ಫಾರ್ಸಿ, ಸ್ವಾಹಿಲಿ, ಮಲಯ ಮೊದಲಾದವುಗಳ ಜೊತೆಗೆ ನಮ್ಮ ನೆರೆಯ ತೆಲುಗೂ ಆ ಪಟ್ಟಿಯಲ್ಲಿದೆ. ಕನ್ನಡವಿಲ್ಲ. ಇದು ಯಾರ ದ್ವೇಷವೂ ಅಲ್ಲ. ಹತ್ತರೊಳಗೆ ಎಷ್ಟನ್ನು ತುಂಬಿಸಲಾದೀತು? ಆದರೆ ನಿಯಮ ಮಾಡುವ ಮೇಜಿನ ಬಳಿ ಯಾರು ಕುಳಿತಿದ್ದಾರೆಂಬುದರ ಮೇಲೆ ಯಾವ ಭಾಷೆಯಲ್ಲಿ ಪರೀಕ್ಷೆ ನಡೆಯುತ್ತದೆಂಬುದು ನಿಂತಿದೆ. ಅದರ ಮೇಲೆಯೇ ನಮ್ಮೂರಿನ ಮುದುಕರೊಬ್ಬರಿಗೆ ಸಿಗುವ ಉತ್ತರವೂ ನಿಂತಿದೆ.

ಯೂರೋಪಿನ ಒಕ್ಕೂಟ ತನ್ನ ಕಾನೂನಿನಲ್ಲಿ, ದೊಡ್ಡ ಯಂತ್ರಗಳಿಂದ ಗಂಭೀರವಾದ ಅನಾಹುತವಾದರೆ ಕಟ್ಟಿದವರು ಅದನ್ನು ವರದಿ ಮಾಡತಕ್ಕದ್ದೆಂದು ವಿಧಿಸಿದೆ. ಆ ಕಾನೂನು ನನ್ನ ಊರಿಗೆ ಮುಟ್ಟುವುದಿಲ್ಲ. ಆದ್ದರಿಂದ ಮಾತ್ರೆಯ ಸಂಗತಿಯನ್ನು ವಿವರವಾಗಿ, ಒಳ್ಳೆಯ ಕನ್ನಡದಲ್ಲಿ ಬರೆದು ಆ ಯಂತ್ರವನ್ನು ಕಟ್ಟಿದ ಕಂಪನಿಗೇ ಕಳುಹಿಸಿದೆ. ಎರಡು ನಿಮಿಷದೊಳಗೆ ಉತ್ತರ ಬಂತು. ನನ್ನ ಅಭಿಪ್ರಾಯ ಅವರಿಗೆ ಬಹಳ ಅಮೂಲ್ಯವೆಂದು ಅದರಲ್ಲಿ ಬರೆದಿತ್ತು, ಇಂಗ್ಲಿಷಿನಲ್ಲಿ. ಬರೆದದ್ದು ಮನುಷ್ಯನೋ ಯಂತ್ರವೋ ಎಂಬುದನ್ನು ತಿಳಿಯಲು ಮತ್ತೊಂದು ಕಾಗದ ಬರೆದಿದ್ದೇನೆ.